ಸೋತವರನ್ನ ಗೆಲ್ಲಿಸಿದ ಮುಖಪುಟ: ಅಮೆರಿಕದ ಚುನಾವಣೆ, ಪೇಪರ್‌ಗಳ ತಲೆಬರಹ ಮತ್ತು ನಾನು ಡಿಲೀಟ್ ಮಾಡಿದ ಎಪಿಸೋಡ್

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರು, ಪಿಜಿಯಲ್ಲಿ ಬಟ್ಟೆ ಮಡಚ್ತಾ ಕೇಳ್ತಿರೋರು, ನೈಟ್ ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ಅರ್ಧ ನಿದ್ದೆಯಲ್ಲಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆಯಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. 2020ರಿಂದ ಇಲ್ಲಿವರೆಗೆ ಈ ಮೈಕ್ ಮುಂದೆ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಅದು ಮಧ್ಯದಲ್ಲಿ ಬರುತ್ತೆ. ಮೊದಲು ಒಂದು ಫೋಟೋ ನೋಡೋಣ.

ಕಪ್ಪು ಬಿಳುಪು ಫೋಟೋ. ಒಂದು ರೈಲಿನ ಕೊನೆ ಬೋಗಿಯ ಹಿಂದಿನ ಕಟಕಟೆ. ಅಲ್ಲಿ ಕನ್ನಡಕ ಹಾಕಿದ ಒಬ್ಬ ಮನುಷ್ಯ ಬಾಯಿ ತುಂಬ ನಗ್ತಾ ನಿಂತಿದ್ದಾರೆ. ಎರಡೂ ಕೈಲಿ ಒಂದು ಪೇಪರ್ ಎತ್ತಿ ಹಿಡಿದಿದ್ದಾರೆ. ಪೇಪರ್ ಹೆಸರು ಷಿಕಾಗೋ ಡೈಲಿ ಟ್ರಿಬ್ಯೂನ್. ಕೋಳಿಮೊಟ್ಟೆ ಗಾತ್ರದ ಅಕ್ಷರದಲ್ಲಿ ಮೂರೇ ಪದದ ತಲೆಬರಹ: ‘ಡ್ಯೂಯಿ ಡಿಫೀಟ್ಸ್ ಟ್ರೂಮನ್’. ಅಂದ್ರೆ ಟ್ರೂಮನ್ ಅವರನ್ನ ಡ್ಯೂಯಿ ಸೋಲಿಸಿದ್ರು ಅಂತ. ತಮಾಷೆ ಏನು ಗೊತ್ತಾ? ಆ ಪೇಪರ್ ಹಿಡಿದು ನಗ್ತಿರೋ ಮನುಷ್ಯನೇ ಹ್ಯಾರಿ ಟ್ರೂಮನ್. ಗೆದ್ದಿದ್ದು ಅವರೇ.

1948ರ ನವೆಂಬರ್ 4. ಮಿಸೌರಿಯ ತಮ್ಮ ಊರಿಂದ ವಾಷಿಂಗ್ಟನ್‌ಗೆ ವಾಪಸ್ ಹೊರಟಿದ್ದ ಟ್ರೂಮನ್ ರೈಲು ಸೇಂಟ್ ಲೂಯಿಸ್ ಸ್ಟೇಷನ್ನಿನಲ್ಲಿ ನಿಂತಾಗ ತೆಗೆದ ಫೋಟೋ ಇದು. ಚುನಾವಣೆ ಆಗಿ ಎರಡು ದಿನ ಆಗಿತ್ತು. ಟ್ರಿಬ್ಯೂನ್ ಆ ತಪ್ಪು ತಲೆಬರಹದ ಪ್ರತಿ ಅಚ್ಚು ಹಾಕಿದ್ದು ಸುಮಾರು ಒಂದೂವರೆ ಲಕ್ಷ.

ಈ ಫೋಟೋನ ಎಲ್ಲರೂ ಜೋಕ್ ಥರ ಶೇರ್ ಮಾಡ್ತಾರೆ. ‘ನೋಡಿ, ಪತ್ರಕರ್ತರು ಎಷ್ಟು ದಡ್ಡರು’ ಅಂತ. ನಾನೂ ಕಾಲೇಜಿನಲ್ಲಿ ಹಾಗೇ ನಕ್ಕಿದ್ದೆ. ಆದರೆ ಆ ತಲೆಬರಹ ಯಾಕೆ ಹಾಗೆ ಬಂತು ಅಂತ ಓದಿದ ಮೇಲೆ ನಗು ಸ್ವಲ್ಪ ಕಡಿಮೆ ಆಯ್ತು.

ಟ್ರಿಬ್ಯೂನ್‌ನಲ್ಲಿ ಅಕ್ಷರ ಜೋಡಿಸೋ ಕೆಲಸಗಾರರು ಸುಮಾರು ಒಂದು ವರ್ಷದಿಂದ ಮುಷ್ಕರದಲ್ಲಿದ್ರು. ಟಾಫ್ಟ್-ಹಾರ್ಟ್ಲಿ ಅಂತ 1947ರಲ್ಲಿ ಬಂದಿದ್ದ ಒಂದು ಕಾರ್ಮಿಕ ಕಾನೂನಿನ ಹಿನ್ನೆಲೆಯ ಜಗಳ ಅದು. ಕೆಲಸಗಾರರು ಇಲ್ಲದೆ ಪೇಪರ್ ತರಬೇಕಲ್ಲ, ಅದಕ್ಕೆ ಮ್ಯಾನೇಜ್‌ಮೆಂಟ್ ಒಂದು ಉಪಾಯ ಮಾಡ್ತು. ಸುದ್ದಿನ ಟೈಪ್‌ರೈಟರ್‌ನಲ್ಲಿ ಹೊಡೆಯೋದು, ಕಾಗದ ಅಂಟಿಸಿ ಪುಟ ಮಾಡೋದು, ಆ ಪುಟದ ಫೋಟೋ ತೆಗೆದು ಲೋಹದ ಪ್ಲೇಟ್ ಮಾಡಿಸೋದು, ಆಮೇಲೆ ಅಚ್ಚು. ಪೇಪರ್ ಹೇಗೋ ಬರ್ತಿತ್ತು. ಆದರೆ ಈ ದಾರೀಲಿ ಒಂದು ಪುಟ ರೆಡಿ ಆಗೋಕೆ ಗಂಟೆಗಟ್ಟಲೆ ಹೆಚ್ಚು ಹೊತ್ತು ಬೇಕು. ಹಾಗಾಗಿ ಮೊದಲ ಆವೃತ್ತಿಯನ್ನ ಬಹಳ ಬೇಗ ಪ್ರೆಸ್ಸಿಗೆ ಕಳಿಸಲೇಬೇಕು. ಚುನಾವಣೆಯ ರಾತ್ರಿ ಎಣಿಕೆ ಇನ್ನೂ ಕಣ್ಣು ಬಿಡ್ತಿರುವಾಗಲೇ ಸಂಪಾದಕರ ಮುಂದೆ ಇದ್ದ ಪ್ರಶ್ನೆ ಒಂದೇ: ತಲೆಬರಹ ಏನು ಹಾಕೋದು?

‘ಎಣಿಕೆ ನಡೀತಿದೆ’ ಅಂತ ಹಾಕಬಹುದಿತ್ತು. ಆದರೆ ಅವರ ವಾಷಿಂಗ್ಟನ್ ವರದಿಗಾರ ಆರ್ಥರ್ ಸಿಯರ್ಸ್ ಹೆನ್ನಿಂಗ್ ಹಳೇ ಹುಲಿ, ಇಂಥ ಲೆಕ್ಕಾಚಾರದಲ್ಲಿ ಹೆಸರು ಮಾಡಿದವರು. ಡ್ಯೂಯಿನೇ ಅಂದ್ರು. ಅವರೊಬ್ಬರೇ ಅಲ್ಲ, ಇಡೀ ದೇಶವೇ ಹಾಗೆ ಅಂದ್ಕೊಂಡಿತ್ತು. ನ್ಯೂಸ್‌ವೀಕ್ ಪತ್ರಿಕೆ ಅಕ್ಟೋಬರ್‌ನಲ್ಲಿ 50 ಜನ ರಾಜಕೀಯ ಬರಹಗಾರರನ್ನ ಕೇಳಿತ್ತು, ಐವತ್ತಕ್ಕೆ ಐವತ್ತೂ ಜನ ಡ್ಯೂಯಿ ಅಂದಿದ್ರು. ಲೈಫ್ ಪತ್ರಿಕೆ ಡ್ಯೂಯಿ ಫೋಟೋ ಕೆಳಗೆ ‘ಮುಂದಿನ ಅಧ್ಯಕ್ಷ’ ಅಂತಲೇ ಬರೆದುಬಿಟ್ಟಿತ್ತು. ಗ್ಯಾಲಪ್ ಸಂಸ್ಥೆ ಜನರನ್ನ ಕೇಳೋದನ್ನ ಮತದಾನಕ್ಕೆ ಸಾಕಷ್ಟು ದಿನ ಮೊದಲೇ ನಿಲ್ಲಿಸಿತ್ತು. ಕೊನೇ ಗಳಿಗೆಯಲ್ಲಿ ಜನ ಮನಸ್ಸು ಬದಲಾಯಿಸಿದ್ದು ಅವರ ಲೆಕ್ಕಕ್ಕೆ ಬರಲೇ ಇಲ್ಲ. ಕೊನೆಗೆ ಆಗಿದ್ದು ಟ್ರೂಮನ್‌ಗೆ 303 ಎಲೆಕ್ಟೋರಲ್ ಮತ, ಡ್ಯೂಯಿಗೆ 189.

ಅಂದ್ರೆ ಆ ರಾತ್ರಿ ಟ್ರಿಬ್ಯೂನ್ ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರೋ ಥರ ತುಂಬಿಸ್ತು. ಯಾಕಂದ್ರೆ ಮಷೀನ್ ಕಾಯ್ತಿತ್ತು. ಈ ‘ಮಷೀನ್ ಕಾಯ್ತಿತ್ತು’ ಅನ್ನೋದನ್ನ ನೆನಪಿಟ್ಕೊಳ್ಳಿ.

ಈಗ ನಿಮ್ಮಲ್ಲಿ ಯಾರಾದ್ರೂ ಕೇಳಬಹುದು, ಚುನಾವಣಾ ಆಯೋಗ ಘೋಷಣೆ ಮಾಡೋವರೆಗೆ ಪೇಪರ್‌ನವರು ಕಾಯಬಾರದಾ ಅಂತ. ಒಳ್ಳೇ ಪ್ರಶ್ನೆ. ನಮ್ಮಲ್ಲಿ ದೆಹಲಿಯಲ್ಲಿ ಒಂದು ಆಯೋಗ ಇದೆ, ಎಣಿಕೆ ಒಂದೇ ದಿನ, ವೆಬ್‌ಸೈಟ್‌ನಲ್ಲಿ ಸುತ್ತಿನಿಂದ ಸುತ್ತಿಗೆ ಅಂಕಿ ಬರುತ್ತೆ, ಸಂಜೆ ಚುನಾವಣಾಧಿಕಾರಿ ಪ್ರಮಾಣಪತ್ರ ಕೊಡ್ತಾರೆ. ಅಮೆರಿಕದಲ್ಲಿ ಆ ರಾತ್ರಿ ‘ಇವರು ಗೆದ್ದರು’ ಅಂತ ಹೇಳೋ ಕೇಂದ್ರ ಕಚೇರಿನೇ ಇಲ್ಲ. ಒಂದೊಂದು ರಾಜ್ಯಕ್ಕೂ ಅದರದ್ದೇ ನಿಯಮ, ಅದರದ್ದೇ ಅಧಿಕಾರಿಗಳು. ಅಧಿಕೃತವಾಗಿ ಎಲೆಕ್ಟೋರಲ್ ಕಾಲೇಜಿನ ಮತ ಬೀಳೋದು ಡಿಸೆಂಬರ್‌ನಲ್ಲಿ, ಸಂಸತ್ತಿನಲ್ಲಿ ಅದನ್ನ ಎಣಿಸೋದು ಜನವರಿಯಲ್ಲಿ. ಅಷ್ಟು ದಿನ ಯಾರು ಕಾಯ್ತಾರೆ? ಹಾಗಾಗಿ ಅಲ್ಲಿ ಗೆದ್ದವರ ಹೆಸರು ಹೇಳೋದು ಸುದ್ದಿ ಸಂಸ್ಥೆಗಳೇ. ಅಸೋಸಿಯೇಟೆಡ್ ಪ್ರೆಸ್, ಅಂದ್ರೆ ಎಪಿ, 1848ರಿಂದ ಈ ಕೆಲಸ ಮಾಡ್ಕೊಂಡು ಬಂದಿದೆ. ಟಿವಿ ಚಾನೆಲ್‌ಗಳಿಗೂ ಅವರವರ ಲೆಕ್ಕದ ತಂಡ ಇರುತ್ತೆ. ಇದನ್ನ ಮೊದಲ ಸಲ ತಿಳ್ಕೊಂಡಾಗ ನನಗೆ ಮೈ ಜುಮ್ ಅಂದಿತ್ತು. ಜಗತ್ತಿನ ಅತಿ ದೊಡ್ಡ ಹುದ್ದೆ, ಅದು ಯಾರಿಗೆ ಸಿಕ್ತು ಅಂತ ಮೊದಲು ಹೇಳೋದು ಒಂದು ನ್ಯೂಸ್‌ರೂಮ್!

ಹೀಗೆ ನ್ಯೂಸ್‌ರೂಮ್ ಮೇಲೇ ಭಾರ ಬಿದ್ದಾಗ ಏನಾಗಬಹುದು ಅಂತ 2000ನೇ ಇಸವಿಯ ನವೆಂಬರ್ 7ರ ರಾತ್ರಿ ತೋರಿಸ್ತು. ಜಾರ್ಜ್ ಬುಷ್ ಮತ್ತು ಅಲ್ ಗೋರ್. ಎಲ್ಲಾ ನಿಂತಿದ್ದು ಫ್ಲೋರಿಡಾ ಮೇಲೆ. ಸಂಜೆ ಎಂಟಕ್ಕೆ ಮೊದಲೇ ಟಿವಿಗಳು ಫ್ಲೋರಿಡಾ ಗೋರ್‌ಗೆ ಅಂದ್ವು. ಹತ್ತು ಗಂಟೆ ಹೊತ್ತಿಗೆ ಇಲ್ಲ ಇಲ್ಲ, ವಾಪಸ್ ತಗೊಂಡಿದ್ದೀವಿ ಅಂದ್ವು. ಬೆಳಗಿನ ಜಾವ ಎರಡು ಕಾಲರ ಸುಮಾರಿಗೆ ಬುಷ್ ಗೆದ್ರು ಅಂದ್ವು. ಗೋರ್ ಅದನ್ನ ನೋಡಿ ಬುಷ್‌ಗೆ ಫೋನ್ ಮಾಡಿ ಅಭಿನಂದನೆ ಹೇಳಿದ್ರು. ಸೋಲೊಪ್ಪಿಕೊಳ್ಳೋ ಭಾಷಣಕ್ಕೆ ಹೊರಟೂ ಬಿಟ್ರು. ಅಷ್ಟರಲ್ಲಿ ಅಂತರ ಕುಸೀತಿದೆ ಅಂತ ಗೊತ್ತಾಗಿ, ಮತ್ತೆ ಫೋನ್ ಮಾಡಿ ಆಗ ಹೇಳಿದ್ದನ್ನ ವಾಪಸ್ ತಗೋತಿದ್ದೀನಿ ಅಂದ್ರು! ನಾಲ್ಕು ಗಂಟೆ ಹೊತ್ತಿಗೆ ಟಿವಿಗಳು ಎರಡನೇ ಸಲ ಹಿಂದೆ ಸರಿದ್ವು.

ಟಿವಿಯವರು ಪಟ್ಟಿ ಬದಲಾಯಿಸಿದರೆ ಮುಗೀತು. ಪೇಪರ್‌ನವರ ಕಥೆ ಹೇಳಿ. ಎರಡೂವರೆಗೆ ಪ್ರೆಸ್ ತಿರುಗೋಕೆ ಶುರುವಾಗಿದೆ. ನ್ಯೂಯಾರ್ಕ್ ಪೋಸ್ಟ್‌ನಲ್ಲಿ ‘ಬುಷ್ ವಿನ್ಸ್’. ಫ್ಲೋರಿಡಾದ್ದೇ ಆದ ಮಯಾಮಿ ಹೆರಾಲ್ಡ್‌ನಲ್ಲಿ ‘ಬುಷ್ ವಿನ್ಸ್ ಇಟ್’. ಹಲವು ಪೇಪರ್‌ಗಳು ಪ್ರೆಸ್ ನಿಲ್ಲಿಸಿ, ಪ್ಲೇಟ್ ಬದಲಾಯಿಸಿ, ಒಂದೇ ರಾತ್ರಿಯಲ್ಲಿ ಒಂದಕ್ಕೊಂದು ತಾಳೆಯಾಗದ ಆವೃತ್ತಿಗಳನ್ನ ಹೊರಗೆ ಕಳಿಸಿದ್ವು. ಒಂದು ಬೀದಿಯ ಮನೆಗೆ ಬುಷ್ ಗೆದ್ದಿದ್ದಾರೆ, ಪಕ್ಕದ ಬೀದಿಗೆ ಇನ್ನೂ ತೀರ್ಮಾನ ಆಗಿಲ್ಲ. ಆ ರಾತ್ರಿ ಬುಷ್‌ಗೆ ಫ್ಲೋರಿಡಾ ಕೊಡದೆ ಉಳಿದದ್ದು ಎಪಿ. ಎಲ್ಲಾ ಟಿವಿಗಳೂ ಒಂದೇ ಹೆಸರು ಕೂಗ್ತಿರುವಾಗ ‘ನಮ್ಮ ಅಂಕಿ ಹಾಗೆ ಹೇಳ್ತಿಲ್ಲ’ ಅಂತ ಕೂತಿರೋಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಮೂವತ್ತಾರು ದಿನ ಕೋರ್ಟ್ ಕಚೇರಿ ಅಲೆದು, ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ ಮರುಎಣಿಕೆ ನಿಲ್ಲಿಸಿದ ಮೇಲೆ ಬುಷ್ ಗೆದ್ದರು ಅಂತಾಯ್ತು. ಅಂತರ ಎಷ್ಟು? ಸುಮಾರು 60 ಲಕ್ಷ ಮತದಲ್ಲಿ 537. ನಮ್ಮಲ್ಲಿ ಎಷ್ಟೋ ಗ್ರಾಮ ಪಂಚಾಯಿತಿ ವಾರ್ಡ್‌ಗಳಲ್ಲೂ ಇದಕ್ಕಿಂತ ಹೆಚ್ಚು ಮತದಾರರು ಇರ್ತಾರೆ.

ಒಂದು ಚಿಕ್ಕ ನಗು. 2004ರ ಜುಲೈನಲ್ಲಿ ಅದೇ ನ್ಯೂಯಾರ್ಕ್ ಪೋಸ್ಟ್ ಮುಖಪುಟದಲ್ಲಿ ‘ಎಕ್ಸ್‌ಕ್ಲೂಸಿವ್’ ಅಂತ ಹಾಕಿ, ಜಾನ್ ಕೆರಿ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಡಿಕ್ ಗೆಪ್‌ಹಾರ್ಟ್ ಅವರನ್ನ ಆರಿಸಿದ್ದಾರೆ ಅಂತ ಬರೀತು. ಅದೇ ಬೆಳಿಗ್ಗೆ ಕೆರಿ ಘೋಷಿಸಿದ್ದು ಜಾನ್ ಎಡ್ವರ್ಡ್ಸ್ ಹೆಸರು. ಪೇಪರ್ ಇನ್ನೂ ಅಂಗಡಿಯಲ್ಲೇ ಇತ್ತು!

ಸರಿ, ಈಗ ನನ್ನ ಕಥೆ.

2020ರ ನವೆಂಬರ್. ನಾನು ಬಿ.ಕಾಂ ಮುಗಿಸಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ, ಕೊರೊನಾದಲ್ಲಿ ಮನೆಗೆ ಬಂದು ಕೂತಿದ್ದೆ. ಪಾಡ್‌ಕಾಸ್ಟ್ ಶುರು ಮಾಡಿ ನಾಲ್ಕು ತಿಂಗಳು. ಹಾಸಿಗೆ ಮೇಲೆ ರಗ್ಗು ಹೊದ್ಕೊಂಡು ಅದರೊಳಗೆ ರೆಕಾರ್ಡ್ ಮಾಡ್ತಿದ್ದೆ, ಎಕೋ ಬರಬಾರದು ಅಂತ. ಒಂದೊಂದು ಎಪಿಸೋಡ್‌ಗೆ ನೂರು, ನೂರೈವತ್ತು ಜನ ಕೇಳಿದ್ರೆ ಹಬ್ಬ.

ನವೆಂಬರ್ 4, ಬುಧವಾರ. ಅಲ್ಲಿ ಮತದಾನ ಮುಗಿದು ರಾತ್ರಿ, ನಮಗೆ ಹಗಲು. ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಪೆನ್ಸಿಲ್ವೇನಿಯಾ, 20 ಎಲೆಕ್ಟೋರಲ್ ಮತದ ರಾಜ್ಯ, ಅಲ್ಲಿ ಟ್ರಂಪ್ ಆರೂವರೆ ಲಕ್ಷಕ್ಕೂ ಹೆಚ್ಚು ಮತದಿಂದ ಮುಂದಿದ್ರು. ನಮ್ಮ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಟ್ರಂಪ್ ಟಿವಿಯಲ್ಲಿ ಬಂದು ನಾವು ಗೆದ್ದಾಯ್ತು ಅನ್ನೋ ಅರ್ಥದ ಮಾತಾಡಿದ್ರು. ನಾನು ರಗ್ಗಿನೊಳಗೆ ಹೋದೆ. ಹದಿನೆಂಟು ನಿಮಿಷದ ಎಪಿಸೋಡ್. ಟೈಟಲ್ ‘ಮತ್ತೆ ಟ್ರಂಪ್!’ ಪ್ರಶ್ನಾರ್ಥಕ ಚಿಹ್ನೆ ಕೂಡ ಹಾಕಲಿಲ್ಲ, ಆಶ್ಚರ್ಯಸೂಚಕ ಚಿಹ್ನೆ. ಸಂಜೆ ನಾಲ್ಕಕ್ಕೆ ಅಪ್‌ಲೋಡ್. ಕನ್ನಡದಲ್ಲಿ ಮೊದಲು ಹೇಳೋನು ನಾನೇ ಆಗಬೇಕು ಅಂತ. ರಾತ್ರಿ ಹೊತ್ತಿಗೆ 1,400 ಜನ ಕೇಳಿದ್ರು. ಅಲ್ಲಿವರೆಗಿನ ನನ್ನ ದಾಖಲೆ. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕಂದ್ರೆ ಇದೇ ನನ್ನ ನಿಜವಾದ ತಪ್ಪು. ಅಂಚೆ ಮತದ ವಿಷಯ ನನಗೆ ಗೊತ್ತಿತ್ತು. ಕೊರೊನಾ ಕಾರಣಕ್ಕೆ ಲಕ್ಷಗಟ್ಟಲೆ ಜನ ಅಂಚೆಯಲ್ಲಿ ಮತ ಹಾಕಿದ್ರು, ಅದರಲ್ಲಿ ಹೆಚ್ಚಿನವರು ಬೈಡನ್ ಕಡೆಯವರು. ಪೆನ್ಸಿಲ್ವೇನಿಯಾ ಕಾನೂನಿನ ಪ್ರಕಾರ ಆ ಲಕೋಟೆಗಳನ್ನ ಮತದಾನದ ದಿನದ ಬೆಳಿಗ್ಗೆ ಏಳರವರೆಗೆ ಒಡೆಯೋ ಹಾಗೇ ಇಲ್ಲ. ಅಂದ್ರೆ ಬೂತ್‌ನ ಮತ ಮೊದಲು ಎಣಿಕೆ ಆಗುತ್ತೆ, ಟ್ರಂಪ್ ಮುಂದೆ ಕಾಣ್ತಾರೆ. ಅಂಚೆ ಮತ ಆಮೇಲೆ ಬರುತ್ತೆ, ಅಂತರ ಇಳಿಯುತ್ತೆ. ಹೀಗೇ ಆಗುತ್ತೆ ಅಂತ ಅಲ್ಲಿನ ಪತ್ರಕರ್ತರು ವಾರಗಳ ಮುಂಚೆನೇ ಬರೆದಿದ್ರು. ನಾನು ಓದಿದ್ದೆ. ನನ್ನ ನೋಟ್ಸ್‌ನಲ್ಲೂ ಇತ್ತು. ರೆಕಾರ್ಡ್ ಮಾಡುವಾಗ ಆ ಸಾಲು ಬಿಟ್ಟೆ. ಆ ಸಾಲು ಹೇಳಿದ್ರೆ ಟೈಟಲ್‌ಗೆ ಜೀವ ಇರ್ತಿರಲಿಲ್ಲ.

ಅರಸೀಕೆರೆಯಲ್ಲಿ ನನ್ನ ಸೋದರಮಾವ ಪೇಪರ್ ಏಜೆಂಟ್. ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋದ್ರೆ ಬೆಳಗಿನ ಜಾವ ನಾಲ್ಕಕ್ಕೆ ಬಸ್‌ಸ್ಟ್ಯಾಂಡ್‌ಗೆ ಕರ್ಕೊಂಡು ಹೋಗೋರು. ಪೇಪರ್ ಗಾಡಿ ಬಂದು ಬಂಡಲ್ ಎಸೆದು ಹೋಗ್ತಿತ್ತು. ಹಗ್ಗ ಬಿಚ್ಚಿ, ಎಣಿಸಿ, ಪುರವಣಿ ಸೇರಿಸಿ, ಲೈನ್ ಹುಡುಗರಿಗೆ ಹಂಚೋದು. ಕೈಯೆಲ್ಲಾ ಇಂಕು. ನನಗೆ ಸುದ್ದಿ ಹುಚ್ಚು ಹಿಡಿದಿದ್ದೇ ಅಲ್ಲಿ. ಹಾಗಾಗಿ ನನ್ನ ಪ್ರತಿ ಎಪಿಸೋಡ್ ಲಿಂಕನ್ನೂ ಮಾವನಿಗೆ ವಾಟ್ಸ್‌ಆ್ಯಪ್ ಮಾಡ್ತಿದ್ದೆ. ಅವರು ಆವತ್ತು ಸಂಜೆ ಬಸ್‌ಸ್ಟ್ಯಾಂಡ್ ಟೀ ಅಂಗಡಿಯಲ್ಲಿ ಸ್ಪೀಕರ್ ಆನ್ ಮಾಡಿ ಎಲ್ಲರಿಗೂ ಕೇಳಿಸಿದ್ದಾರೆ. ನಮ್ಮ ಹುಡುಗ ಹೇಳ್ತಿದ್ದಾನೆ ಕೇಳ್ರಪ್ಪಾ, ನಾಳೆ ಪೇಪರ್‌ನಲ್ಲಿ ಬರೋದನ್ನ ಇವತ್ತೇ ಹೇಳ್ತಿದ್ದಾನೆ ಅಂತ.

ಮಾರನೇ ದಿನ ಗುರುವಾರ ಮಾವನ ಬಂಡಲ್‌ನಲ್ಲಿ ಬಂದ ಪೇಪರ್‌ಗಳಲ್ಲಿ ಇದ್ದಿದ್ದು ಎಣಿಕೆ ಇನ್ನೂ ಮುಗಿದಿಲ್ಲ ಅಂತ. ಶುಕ್ರವಾರವೂ ಅದೇ. ನಾನು ಪೇಪರ್‌ನವರು ಎಷ್ಟು ಸ್ಲೋ ಅಂದ್ಕೊಂಡೆ. ಶನಿವಾರ, ನವೆಂಬರ್ 7, ನಮ್ಮ ರಾತ್ರಿ ಹತ್ತಕ್ಕೆ ಐದು ನಿಮಿಷ ಇದ್ದಾಗ ಎಪಿ ಬೈಡನ್ ಗೆದ್ರು ಅಂತು. ಪೆನ್ಸಿಲ್ವೇನಿಯಾದಲ್ಲಿ ಕೊನೆಗೆ ಬೈಡನ್ ಸುಮಾರು 80 ಸಾವಿರ ಮತದಿಂದ ಮುಂದೆ ಬಂದ್ರು. ಹತ್ತೂಕಾಲಿಗೆ ನಾನು ಆ ಎಪಿಸೋಡ್ ಡಿಲೀಟ್ ಮಾಡಿದೆ. ಸ್ಪಷ್ಟನೆ ಇಲ್ಲ, ಕ್ಷಮೆ ಇಲ್ಲ. ಮುಂದಿನ ವಾರ ಕ್ರೆಡಿಟ್ ಕಾರ್ಡ್ ಬಡ್ಡಿ ಬಗ್ಗೆ ಎಪಿಸೋಡ್ ಮಾಡಿದೆ.

ಭಾನುವಾರ ಬೆಳಿಗ್ಗೆ ಆರಕ್ಕೇ ಮಾವನ ಫೋನ್.

“ಏನೋ, ಟ್ರಂಪ್ ಅಂದೆ. ಇಲ್ಲಿ ನೋಡಿದ್ರೆ ಮುಖಪುಟದ ತುಂಬ ಬೈಡನ್ನು.”

“ಅದನ್ನ ತೆಗೆದುಹಾಕಿದ್ದೀನಿ ಮಾವ. ಈಗ ಇಲ್ಲ ಅದು.”

“ತೆಗೆದಿದ್ದೀಯಾ? ಸರಿ. ಟೀ ಅಂಗಡಿಲಿ ಹತ್ತು ಜನಕ್ಕೆ ಕೇಳಿಸಿದ್ದೀನಲ್ಲೋ, ಅವರಿಗೆ ಏನ್ ಹೇಳ್ಲಿ?”

ನಾನು ಏನೂ ಹೇಳಲಿಲ್ಲ. ಅವರೂ ಬೈಯಲಿಲ್ಲ. “ನಮ್ಮ ಪೇಪರ್‌ನೋರು ತಪ್ಪು ಮಾಡಿದ್ರೆ ಮಾರನೇ ದಿನ ಮೂಲೇಲಾದ್ರೂ ‘ತಿದ್ದುಪಡಿ’ ಅಂತ ಎರಡು ಸಾಲು ಹಾಕ್ತಾರೆ ಕಣೋ” ಅಂದು ಫೋನ್ ಇಟ್ರು. ಆಮೇಲೆ ಅವರು ಆ ವಿಷಯ ಎತ್ತಿಲ್ಲ. ಆದರೆ ನನ್ನ ಎಪಿಸೋಡನ್ನ ಅಂಗಡಿಯಲ್ಲಿ ಸ್ಪೀಕರ್ ಹಾಕಿ ಕೇಳಿಸೋದನ್ನೂ ನಿಲ್ಲಿಸಿದ್ರು.

ಆಗ ನನಗೆ ಆ ಟ್ರೂಮನ್ ಫೋಟೋ ಬೇರೆ ಥರ ಕಾಣೋಕೆ ಶುರುವಾಯ್ತು. ಟ್ರಿಬ್ಯೂನ್‌ಗೆ ಆ ಒಂದೂವರೆ ಲಕ್ಷ ಪ್ರತಿಗಳನ್ನ ಡಿಲೀಟ್ ಮಾಡೋಕೆ ಆಗಲಿಲ್ಲ. ಒಂದು ಪ್ರತಿ ಟ್ರೂಮನ್ ಕೈಗೇ ಸಿಕ್ಕಿಬಿಡ್ತು. ಎಪ್ಪತ್ತೈದು ವರ್ಷ ಆದ್ರೂ ಆ ಪೇಪರ್ ಹೆಸರಿನ ಜೊತೆ ಆ ತಲೆಬರಹ ಅಂಟ್ಕೊಂಡೇ ಇದೆ. ನನ್ನದು ಎಲ್ಲೂ ಇಲ್ಲ. ಯಾರೂ ನನ್ನನ್ನ ರೈಲಿನ ಹಿಂದೆ ನಿಂತು ತೋರಿಸೋಕೆ ಆಗಲ್ಲ. ಅದು ಅದೃಷ್ಟ ಅಂತ ಆಗ ಅನ್ಸಿತ್ತು.

ಇಷ್ಟು ಹೊತ್ತು ಹೇಳಿದ್ದು ಯಾರು ಗೆದ್ರು ಅನ್ನೋದನ್ನ ತಪ್ಪು ಹೇಳೋ ಕಥೆ. ಇಂಥ ತಪ್ಪು ಎರಡು ದಿನದಲ್ಲಿ ಬಯಲಾಗುತ್ತೆ. ಎಲ್ಲಾ ಅಂಕಿ ಅಂಶ ಸರಿ ಇದ್ದೂ ತಪ್ಪಾಗಬಹುದಾದ ಮುಖಪುಟ ಇನ್ನೊಂದು ಬಗೆ. ಅದನ್ನ ಹಿಡಿಯೋದು ಕಷ್ಟ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಮತ್ತೆ ಮಾವನ ಬಸ್‌ಸ್ಟ್ಯಾಂಡ್‌ಗೆ ಬನ್ನಿ. ಪೇಪರ್ ಮಾರೋರು ಹಲಗೆ ಮೇಲೆ ಪೇಪರ್ ಹೇಗೆ ಜೋಡಿಸ್ತಾರೆ? ಅಡ್ಡ ಮಡಚಿ. ಕಾಣೋದು ಮೇಲಿನ ಅರ್ಧ ಮಾತ್ರ. ಬಸ್ಸಿಗೆ ಓಡೋನು ನೋಡೋದು ಅಷ್ಟನ್ನೇ. ಅದಕ್ಕೇ ಜಗತ್ತಿನ ಎಲ್ಲಾ ಪೇಪರ್‌ಗಳಲ್ಲೂ ಮಡಿಕೆಯ ಮೇಲಿನ ಜಾಗಕ್ಕೆ ಅಷ್ಟು ಬೆಲೆ. ಅಲ್ಲಿ ಏನಿದೆಯೋ ಅದೇ ದೊಡ್ಡ ಸುದ್ದಿ, ಕೆಳಗೆ ಹೋದದ್ದು ಚಿಕ್ಕದು, ಒಳಗೆ ಹೋದದ್ದು ಇನ್ನೂ ಚಿಕ್ಕದು. ಇವತ್ತು ನಿಮ್ಮ ಫೋನ್‌ನಲ್ಲಿ ಬೆರಳು ತಳ್ಳೋಕೆ ಮುಂಚೆ ಕಾಣುತ್ತಲ್ಲ, ಅದೇ ಮಡಿಕೆ.

2016ರ ಅಕ್ಟೋಬರ್ 28, ಶುಕ್ರವಾರ. ಟ್ರಂಪ್-ಹಿಲರಿ ಕ್ಲಿಂಟನ್ ಚುನಾವಣೆಗೆ ಹನ್ನೊಂದು ದಿನ ಬಾಕಿ. ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಸಂಸತ್ತಿಗೆ ಒಂದು ಪತ್ರ ಬರೆದ್ರು. ಹಿಲರಿ ಅವರ ಖಾಸಗಿ ಇಮೇಲ್ ಸರ್ವರ್ ತನಿಖೆಗೆ ಸಂಬಂಧ ಇರಬಹುದಾದ ಹೊಸ ಇಮೇಲ್‌ಗಳು ಸಿಕ್ಕಿವೆ, ನೋಡ್ತೀವಿ ಅಂತ. ಅದರಲ್ಲಿ ಏನಿದೆ ಅಂತ ಕೋಮಿಗೂ ಆಗ ಗೊತ್ತಿರಲಿಲ್ಲ. ಮಾರನೇ ದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಮಡಿಕೆಯ ಮೇಲೆ ಪೂರ್ತಿ ಇದೇ ಸುದ್ದಿ. ನವೆಂಬರ್ 6ಕ್ಕೆ ಕೋಮಿ, ನೋಡಿದ್ವಿ, ನಮ್ಮ ಹಳೇ ತೀರ್ಮಾನ ಬದಲಾಗಿಲ್ಲ ಅಂದ್ರು. ನವೆಂಬರ್ 8ಕ್ಕೆ ಮತದಾನ.

ಇಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಪತ್ರ ನಿಜ, ತನಿಖೆ ನಿಜ. ಆದರೆ 2017ರ ಕೊನೆಯಲ್ಲಿ ಡಂಕನ್ ವಾಟ್ಸ್ ಮತ್ತು ಡೇವಿಡ್ ರಾಥ್‌ಚೈಲ್ಡ್ ಅನ್ನೋ ಇಬ್ಬರು ಸಂಶೋಧಕರು ಕೊಲಂಬಿಯಾ ಜರ್ನಲಿಸಂ ರಿವ್ಯೂನಲ್ಲಿ ಒಂದು ಲೆಕ್ಕ ಕೊಟ್ರು. ಚುನಾವಣೆಗೆ ಮುಂಚಿನ 69 ದಿನದಲ್ಲಿ ಟೈಮ್ಸ್ ತನ್ನ ಮುಖಪುಟದಲ್ಲಿ ಎಲ್ಲಾ ನೀತಿ ವಿಷಯ ಸೇರಿಸಿ, ಅಂದ್ರೆ ಆರೋಗ್ಯ, ತೆರಿಗೆ, ವಲಸೆ, ಎಲ್ಲಾ ಸೇರಿಸಿ, ಎಷ್ಟು ಸುದ್ದಿ ಹಾಕಿತ್ತೋ ಅಷ್ಟೇ ಇಮೇಲ್ ಸುದ್ದಿಗಳನ್ನ ಬರೀ ಆರು ದಿನದಲ್ಲಿ ಹಾಕಿತ್ತು. ಹಾರ್ವರ್ಡ್‌ನ ಥಾಮಸ್ ಪ್ಯಾಟರ್ಸನ್ ಅದೇ ಚುನಾವಣೆಯ ಬಗ್ಗೆ ಇನ್ನೊಂದು ಅಧ್ಯಯನ ಮಾಡಿದ್ರು. ದೊಡ್ಡ ಪೇಪರ್, ಟಿವಿಗಳ ಸುದ್ದಿಯಲ್ಲಿ 42% ಯಾರು ಮುಂದೆ ಯಾರು ಹಿಂದೆ ಅನ್ನೋ ಕುದುರೆ ರೇಸ್, ನೀತಿಯ ಬಗ್ಗೆ ಇದ್ದಿದ್ದು 10% ಅಂತ.

ಇದರಿಂದಲೇ ಹಿಲರಿ ಸೋತ್ರು ಅಂತ ನಾನು ಹೇಳಲ್ಲ. ದೇಶದಾದ್ಯಂತ ಅವರಿಗೆ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. ಸೋತಿದ್ದು ಕೆಲವೇ ರಾಜ್ಯಗಳ ಸಣ್ಣ ಅಂತರದಿಂದ. ಕಾರಣ ನೂರು ಇರುತ್ತೆ. ಅದೇ ಟೈಮ್ಸ್ ಟ್ರಂಪ್ ಅವರನ್ನೂ ಬಿಟ್ಟಿರಲಿಲ್ಲ. ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಅವರ 1995ರ ತೆರಿಗೆ ದಾಖಲೆ ಹೊರಗೆ ಹಾಕಿತು. ಒಂದೇ ವರ್ಷದಲ್ಲಿ 91.6 ಕೋಟಿ ಡಾಲರ್ ನಷ್ಟ ತೋರಿಸಿದ್ರು, ಆ ನಷ್ಟ ತೋರಿಸಿ 18 ವರ್ಷದವರೆಗೆ ಆದಾಯ ತೆರಿಗೆ ತಪ್ಪಿಸ್ಕೊಳ್ಳೋಕೆ ಅವಕಾಶ ಇತ್ತು ಅಂತ. ಬಿ.ಕಾಂ ಮಾಡಿದೋರಿಗೆ ನೆನಪಾಗಿರಬೇಕು, ನಷ್ಟವನ್ನ ಮುಂದಿನ ವರ್ಷಗಳಿಗೆ ಒಯ್ಯೋದು. ನಮ್ಮಲ್ಲಿ ವ್ಯಾಪಾರದ ನಷ್ಟಕ್ಕೆ ಎಂಟು ವರ್ಷ. ಆ ಪಾಠ ಓದುವಾಗ ಇಷ್ಟು ದೊಡ್ಡ ಉದಾಹರಣೆ ಯಾರೂ ಕೊಟ್ಟಿರಲಿಲ್ಲ ಬಿಡಿ! ಆದರೆ ಆ ಸುದ್ದಿ ಕೆಲವು ದಿನ ಓಡಿ ನಿಂತಿತು. ಇಮೇಲ್ ತಿಂಗಳುಗಟ್ಟಲೆ ಓಡ್ತು.

ಕಾಮರ್ಸ್ ಮಾತು ಬಂತಲ್ಲ, ದುಡ್ಡಿನ ಲೆಕ್ಕನೂ ನೋಡಿ. 2016ರ ಮಾರ್ಚ್‌ನಲ್ಲಿ ಟೈಮ್ಸ್ ಒಂದು ಅಂದಾಜು ಪ್ರಕಟಿಸಿತು. ಫೆಬ್ರವರಿ ಕೊನೆವರೆಗೆ ಟ್ರಂಪ್ ಟಿವಿ ಜಾಹೀರಾತಿಗೆ ಖರ್ಚು ಮಾಡಿದ್ದು ಸುಮಾರು ಒಂದು ಕೋಟಿ ಡಾಲರ್. ಪುಕ್ಕಟೆ ಸಿಕ್ಕ ಪ್ರಚಾರದ ಬೆಲೆ ಸುಮಾರು 190 ಕೋಟಿ ಡಾಲರ್. ಅವರ ಪ್ರತಿ ಮಾತು, ಪ್ರತಿ ಟ್ವೀಟ್ ಸುದ್ದಿ. ಸಿಬಿಎಸ್ ಟಿವಿಯ ಮುಖ್ಯಸ್ಥರಾಗಿದ್ದ ಲೆಸ್ ಮೂನ್‌ವೆಸ್ ಆ ವರ್ಷ ಒಂದು ಸಭೆಯಲ್ಲಿ ಒಪ್ಪಿಕೊಂಡ್ರು, ಇದು ಅಮೆರಿಕಕ್ಕೆ ಒಳ್ಳೇದಲ್ಲದೇ ಇರಬಹುದು, ಆದರೆ ಸಿಬಿಎಸ್‌ಗೆ ಭಾರೀ ಒಳ್ಳೇದು ಅನ್ನೋ ಅರ್ಥದಲ್ಲಿ. ನನಗೆ ಈ ಮಾತು ಕೇಳಿ ಸಿಟ್ಟು ಬಂತು. ಆಮೇಲೆ ನನ್ನ 1,400 ನೆನಪಾಯ್ತು.

2024ಕ್ಕೆ ಬರೋಣ. ಜುಲೈ 13ಕ್ಕೆ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದಾಗ ಎಪಿಯ ಇವಾನ್ ವೂಚಿ ತೆಗೆದ ಫೋಟೋ ನಿಮಗೆಲ್ಲಾ ಗೊತ್ತು. ಮುಖದ ಮೇಲೆ ರಕ್ತ, ಮೇಲೆತ್ತಿದ ಮುಷ್ಟಿ, ಹಿಂದೆ ಬಾವುಟ. ಜಗತ್ತಿನ ಎಷ್ಟೋ ಪೇಪರ್‌ಗಳ ಮುಖಪುಟ ಅವತ್ತು ಆ ಒಂದೇ ಫೋಟೋ. ಸಂಪಾದಕರಿಗೆ ಅದು ಸುದ್ದಿ, ಅದೇ ಹೊತ್ತಿಗೆ ಒಂದು ಪಕ್ಷಕ್ಕೆ ಅದು ಪೋಸ್ಟರ್. ಹಾಕದೆ ಇರೋಕೆ ಆಗುತ್ತಾ? ನಾನು ಸಂಪಾದಕ ಆಗಿದ್ರೂ ಹಾಕ್ತಿದ್ದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಈ ಸಲ ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸಲ್ಲ ಅಂತು. ಅಲ್ಲಿನ ಪೇಪರ್‌ಗಳು ಸಂಪಾದಕೀಯದಲ್ಲಿ ‘ಇವರಿಗೆ ಮತ ಹಾಕಿ’ ಅಂತ ನೇರವಾಗಿ ಬರೆಯೋ ಸಂಪ್ರದಾಯ ಹಳೇದು. ಮಾಲೀಕ ಜೆಫ್ ಬೆಜೋಸ್ ತೀರ್ಮಾನ ಇದು ಅಂತ ಗೊತ್ತಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಓದುಗರು ಚಂದಾ ನಿಲ್ಲಿಸಿದ್ರು. ಮೌನಕ್ಕೂ ಓದುಗರು ಬಿಲ್ ಕಳಿಸ್ತಾರೆ ಅಂತ ಆಯ್ತು.

ಫಲಿತಾಂಶದ ದಿನ, ನವೆಂಬರ್ 6, ಎಪಿ ಟ್ರಂಪ್ ಗೆದ್ರು ಅಂದಾಗ ನಮ್ಮಲ್ಲಿ ಸಂಜೆ ನಾಲ್ಕು ಗಂಟೆ ನಾಲ್ಕು ನಿಮಿಷ. ಅವತ್ತು ಬೆಳಗಿನ ಕನ್ನಡ ಪೇಪರ್‌ಗಳು ಹಿಂದಿನ ರಾತ್ರಿಯೇ ಅಚ್ಚಾಗಿದ್ವು, ಆಗ ಅಲ್ಲಿ ಮತದಾನ ಇನ್ನೂ ಅರ್ಧ ಹಾದಿಯಲ್ಲಿತ್ತು. ಗೆದ್ದವರ ಹೆಸರು ಪೇಪರ್‌ನಲ್ಲಿ ಬಂದಿದ್ದು ಗುರುವಾರ. ಅಷ್ಟರಲ್ಲಿ ನಿಮ್ಮ ಫೋನ್‌ನಲ್ಲಿ ಮೀಮ್ ಕೂಡ ಹಳೇದಾಗಿತ್ತು. ನಾನು ಆ ದಿನ ಸಂಜೆ ಆರರವರೆಗೆ ಏನೂ ಪೋಸ್ಟ್ ಮಾಡಲಿಲ್ಲ. ಯಾರೋ ಕಮೆಂಟ್‌ನಲ್ಲಿ, ಏನ್ ಬ್ರೋ ನಿದ್ದೆನಾ ಅಂತ ಕೇಳಿದ್ರು.

ಮಾವನ ಲೈನ್ ಈಗ ಚಿಕ್ಕದಾಗಿದೆ. ಮುಂಚೆ ಆರು ಹುಡುಗರಿದ್ದ ಜಾಗದಲ್ಲಿ ಇಬ್ಬರು. ಹೋದ ತಿಂಗಳು ಹೋಗಿದ್ದಾಗ ಬೆಳಿಗ್ಗೆ ಅವರ ಜೊತೆ ಬಸ್‌ಸ್ಟ್ಯಾಂಡ್‌ಗೆ ಹೋದೆ. ಪುರವಣಿ ಸೇರಿಸ್ತಾ, “ಮಾವ, ಆವತ್ತಿನ ಟ್ರಂಪ್ ವಿಷಯ ನೆನಪಿದೆಯಾ ನಿಮಗೆ?” ಅಂತ ಕೇಳಿದೆ. “ಟೀ ಅಂಗಡಿಯೋನು ಈಗಲೂ ರೇಗಿಸ್ತಾನೆ ಕಣೋ” ಅಂದ್ರು. ಇಷ್ಟು ವರ್ಷ ಆದ್ರೂ! ಡಿಲೀಟ್ ಆಗಿರಲಿಲ್ಲ ಅದು. ನನಗೆ ಕಾಣದ ಕಡೆ ಹೋಗಿ ಮಾವನ ತಲೆ ಮೇಲೆ ಕೂತಿತ್ತು ಅಷ್ಟೇ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಆ ಫೈಲ್ ಹುಡುಕಿದೆ. ಸಿಕ್ತು. ಇವತ್ತು ಈ ಸಂಚಿಕೆ ಜೊತೆಗೇ ಅದನ್ನೂ ಮತ್ತೆ ಹಾಕ್ತಿದ್ದೀನಿ, ತಾರೀಖು 2020ರ ನವೆಂಬರ್ 4 ಅಂತಲೇ ಇರುತ್ತೆ, ಟೈಟಲ್ ‘ಮತ್ತೆ ಟ್ರಂಪ್!’ ಅಂತಲೇ ಇರುತ್ತೆ. ಮುಂದೆ ಒಂದೇ ಪದ ಸೇರಿಸಿದ್ದೀನಿ: ‘ತಿದ್ದುಪಡಿ’. ಹನ್ನೊಂದನೇ ನಿಮಿಷದ ಹತ್ತಿರ ‘ಪೆನ್ಸಿಲ್ವೇನಿಯಾ ಕಥೆ ಮುಗೀತು’ ಅಂತ ಎಷ್ಟು ಗಟ್ಟಿಯಾಗಿ ಹೇಳಿದ್ದೀನಿ ಕೇಳಿ. ಹಿನ್ನೆಲೆಯಲ್ಲಿ ಅಮ್ಮ ಕುಕ್ಕರ್ ವಿಷಲ್ ಎಣಿಸ್ತಿರೋದೂ ಕೇಳಿಸುತ್ತೆ. ಲಿಂಕ್ ಮಾವನಿಗೂ ಕಳಿಸಿದ್ದೀನಿ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ಮುಂದಿನ ವಾರ ಸಿಗೋಣ, ನಮಸ್ಕಾರ.